ಪರದೆ ಕತ್ತಲಾದ ಲ್ಯಾಪ್‌ಟಾಪ್: ನೀರು ನಿಂತದ್ದು ಸುರಂಗದಲ್ಲೋ, ದಂಬೆಯಲ್ಲೋ?

ಜೂನ್ ತಿಂಗಳ ಒಂದು ಸಂಜೆ, ಮಳೆ ಹಿಡಿದು ಸುರಿಯುತ್ತಿದ್ದಾಗ, ನೆರೆಮನೆಯ ಹುಡುಗಿ ಕೊಡೆ ಮಡಚುತ್ತಾ ನಮ್ಮ ಜಗಲಿಗೆ ಬಂದಳು. ಕಂಕುಳಲ್ಲಿ ಬೈರಾಸಿನಲ್ಲಿ ಸುತ್ತಿದ ಲ್ಯಾಪ್‌ಟಾಪ್. “ಮಾವ, ಇದು ಸತ್ತುಹೋಯಿತು. ನಾಡಿದ್ದು ಪದವಿ ಪ್ರವೇಶದ ಅರ್ಜಿಗೆ ಕೊನೆಯ ದಿನ. ನನ್ನ ಅಂಕಪಟ್ಟಿ, ಫೋಟೋ ಎಲ್ಲವೂ ಇದರೊಳಗೇ ಇದೆ” ಎಂದಳು. ತೆರೆದು ನೋಡಿದೆ. ಪರದೆಯ ನಡುವಿನಿಂದ ಬಲಮೂಲೆಯವರೆಗೆ ಮಸಿ ಚೆಲ್ಲಿದ ಹಾಗೆ ಕಪ್ಪು, ಉಳಿದ ಕಡೆ ಬಣ್ಣಬಣ್ಣದ ಗೆರೆಗಳು. ಕೀಲಿಮಣೆಯ ಮೇಲೆ ಇಯರ್‌ಫೋನ್ ಇದ್ದದ್ದನ್ನು ಗಮನಿಸದೆ ಮನೆಯಲ್ಲಿ ಯಾರೋ ಮುಚ್ಚಳ ಒತ್ತಿ ಮುಚ್ಚಿದ್ದರಂತೆ. ಆದರೆ ಪವರ್ ಗುಂಡಿ ಒತ್ತಿದಾಗ ಒಳಗೆ ಫ್ಯಾನ್ ತಿರುಗಿತು, ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಆರಂಭವಾಗುವ ಸದ್ದೂ ಕೇಳಿಸಿತು. ಯಂತ್ರಕ್ಕೆ ಜೀವ ಇತ್ತು. ಒಡೆದದ್ದು ಅದರ ಮುಖ.

ಕಾಸರಗೋಡಿನ ಮನೆಗಳಲ್ಲಿ ಈ ಹೊತ್ತಿಗೆ ಲ್ಯಾಪ್‌ಟಾಪ್ ಕೈಕೊಟ್ಟರೆ ಗಾಬರಿಯಾಗುವುದು ಸಹಜ. ಪ್ಲಸ್ ವನ್ ಏಕಜಾಲಕ ಪ್ರವೇಶ, ಪದವಿ ಪ್ರವೇಶ, ವಿದ್ಯಾರ್ಥಿವೇತನ, ಎಲ್ಲವೂ ಆನ್‌ಲೈನಿನಲ್ಲಿ, ಎಲ್ಲದಕ್ಕೂ ಒಂದು ಕೊನೆಯ ದಿನ. ಆ ಗಾಬರಿಯಲ್ಲಿ ರಿಪೇರಿಯಾಗಬಲ್ಲ ಯಂತ್ರವನ್ನು ಮೂಲೆಗಿಟ್ಟು ಸಾಲ ಮಾಡಿ ಹೊಸದನ್ನು ಕೊಂಡವರನ್ನು ನಾನು ಬಲ್ಲೆ. ಪರದೆ ಕತ್ತಲಾಗುವುದಕ್ಕೆ ಕಾರಣಗಳು ಹಲವು. ಕೆಲವಕ್ಕೆ ಒಂದು ಕೀಲಿ ಒತ್ತಿದರೆ ಸಾಕು, ಕೆಲವಕ್ಕೆ ಒಂದು ಕೇಬಲ್ ಸಾಕು, ಕೆಲವಕ್ಕೆ ಪ್ಯಾನೆಲ್ಲೇ ಬೇಕು. ಯಾವುದು ಎಂದು ತಿಳಿದ ಮೇಲೆಯೇ ಹಣ ಬಿಚ್ಚಬೇಕು.

ಚಿತ್ರ ಹರಿದು ಬರುವ ದಾರಿ

ನಮ್ಮ ಶೇಣಿ, ಬಾಯಾರು, ಪೆರ್ಲದ ಕಡೆಯವರಿಗೆ ಇದನ್ನು ಸುರಂಗದ ನೀರಿನ ಹೋಲಿಕೆಯಲ್ಲಿ ಹೇಳುವುದು ಸುಲಭ. ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ನೀರು ಜಿನುಗುತ್ತದೆ. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲೋ ಪೈಪಿನಲ್ಲೋ ಹರಿದು ಅಂಗಳದ ತೊಟ್ಟಿಗೆ ಬಂದು ಬೀಳುತ್ತದೆ. ಒಂದು ಬೆಳಗ್ಗೆ ತೊಟ್ಟಿ ಒಣಗಿದ್ದರೆ ಸುರಂಗ ಬತ್ತಿತು ಎಂದು ಯಾರೂ ತಲೆಯ ಮೇಲೆ ಕೈಹೊತ್ತು ಕೂರುವುದಿಲ್ಲ. ಸುರಂಗದ ಬಾಯಿಯವರೆಗೆ ನಡೆದುಹೋಗಿ ನೋಡುತ್ತಾರೆ. ಅಲ್ಲಿ ನೀರಿದ್ದರೆ ದಂಬೆಯುದ್ದಕ್ಕೂ ನೋಡುತ್ತಾ ಬರುತ್ತಾರೆ. ದಂಬೆ ಸರಿಯಿದ್ದರೆ ತೊಟ್ಟಿಯೇ ಬಿರುಕು ಬಿಟ್ಟಿದೆ ಎಂದು ತಿಳಿಯುತ್ತದೆ.

ಲ್ಯಾಪ್‌ಟಾಪಿನಲ್ಲಿ ಚಿತ್ರ ಹುಟ್ಟುವ ಜಾಗ ಕೀಲಿಮಣೆಯ ಅಡಿಯಲ್ಲಿರುವ ಮದರ್‌ಬೋರ್ಡ್. ಚಿತ್ರ ರಚಿಸುವ ಗ್ರಾಫಿಕ್ಸ್ ಭಾಗ ಅಲ್ಲಿದೆ. ಅದು ನಮ್ಮ ಸುರಂಗ. ಅಲ್ಲಿಂದ ಚಪ್ಪಟೆಯಾದ ಒಂದು ಕೇಬಲ್ ಹೊರಟು, ಮುಚ್ಚಳವನ್ನು ಹಿಡಿದಿರುವ ಬಿಜಾಗರಿಯ ಬದಿಯಿಂದ ಮೇಲೇರಿ, ಪರದೆಯ ಬೆನ್ನಿಗೆ ಸೇರುತ್ತದೆ. ಅದು ದಂಬೆ. ಕೊನೆಯಲ್ಲಿರುವ ಪರದೆಯನ್ನು ಅಂಗಡಿಯವರು ಪ್ಯಾನೆಲ್ ಎನ್ನುತ್ತಾರೆ. ಅದು ತೊಟ್ಟಿ. ಸುರಂಗದ ಹೋಲಿಕೆಗೆ ಸಿಗದ ಇನ್ನೊಂದು ಸಂಗತಿಯೂ ಇಲ್ಲಿದೆ: ತೊಟ್ಟಿಗೆ ಬಂದ ಚಿತ್ರ ಕಣ್ಣಿಗೆ ಕಾಣಬೇಕಾದರೆ ಹಿಂದಿನಿಂದ ಬೆಳಕೂ ಬೇಕು.

ಪ್ಯಾನೆಲ್ಲಿನ ಒಳಗೆ

ಹೆಚ್ಚಿನ ಲ್ಯಾಪ್‌ಟಾಪ್ ಪರದೆಗಳು ಎಲ್‌ಸಿಡಿ ಮಾದರಿಯವು. ಎಲ್‌ಸಿಡಿ ಎಂದರೆ ದ್ರವ ಸ್ಫಟಿಕದಿಂದ ಚಿತ್ರ ತೋರಿಸುವ ಪರದೆ. ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಒಳಗಿನ ಅಣುಗಳು ಒಂದು ಶಿಸ್ತಿನಲ್ಲಿ ಸಾಲುಗೂಡಿರುವ ವಸ್ತು ಅದು. 1888ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಪದಾರ್ಥದಿಂದ ಒಂದು ರಾಸಾಯನಿಕವನ್ನು ಸಿದ್ಧಪಡಿಸಿ ಕಾಯಿಸಿದರು. ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಗೆ ಏರಿದಾಗ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು ಇರುವುದೇ ಎಂದು ಅವರು ಚಕಿತರಾದರು. ಆ ಮಬ್ಬು ಸ್ಥಿತಿಯೇ ಇಂದು ನಮ್ಮ ತೊಡೆಯ ಮೇಲೆ ಚಿತ್ರ ತೋರಿಸುತ್ತಿದೆ. ಈ ವಿಜ್ಞಾನದಲ್ಲಿ ಬೆಂಗಳೂರಿನ ಪಾಲೂ ಇದೆ. ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕವಾಗಬಲ್ಲದು ಎಂದು 1977ರಲ್ಲಿ ಜಗತ್ತಿಗೆ ತೋರಿಸಿದವರು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ಪಕ್ಕದಿಂದ ನೋಡಿದರೂ ಪರದೆಯ ಚಿತ್ರ ಮಾಸದಿರಲೆಂದು ಅಂಟಿಸುವ ತೆಳು ಹಾಳೆಯಲ್ಲಿ ಮುಂದೆ ಅಂಥ ಅಣುಗಳೇ ಬಳಕೆಗೆ ಬಂದವು.

ಪ್ಯಾನೆಲ್ಲಿನಲ್ಲಿ ಪದರಗಳು ಒಂದರ ಮೇಲೊಂದು ಕುಳಿತಿವೆ. ತೀರಾ ಹಿಂದೆ ಬೆಳಕು: ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ ಸಾಲಾಗಿ ಕೂರಿಸಿದ ಪುಟ್ಟ ಎಲ್‌ಇಡಿ ದೀಪಗಳು, ಮತ್ತು ಆ ಬೆಳಕನ್ನು ಇಡೀ ಪರದೆಗೆ ಸಮನಾಗಿ ಹರಡುವ ಪ್ಲಾಸ್ಟಿಕ್ ಹಾಳೆಗಳು. ಇದನ್ನು ಬ್ಯಾಕ್‌ಲೈಟ್ ಎನ್ನುತ್ತಾರೆ. ಅದರ ಮುಂದೆ ಎರಡು ತೆಳು ಗಾಜುಗಳು. ಒಂದೊಂದೂ ಒಂದು ಮಿಲಿಮೀಟರಿಗಿಂತ ತೆಳು. ಅವುಗಳ ನಡುವೆ, ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಿರಿದಾದ ಸಂದಿನಲ್ಲಿ, ದ್ರವ ಸ್ಫಟಿಕ ತುಂಬಿದೆ. ವಿದ್ಯುತ್ತಿನ ಸೂಚನೆ ಬಂದಂತೆ ಅಣುಗಳು ಹೊರಳುತ್ತವೆ. ಅವು ಹೊರಳಿದಂತೆ, ಎರಡೂ ಬದಿಗೆ ಅಂಟಿಸಿದ ಧ್ರುವೀಕರಣ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಬೆಳಕು ದಾಟುತ್ತದೆ ಅಥವಾ ತಡೆಯಲ್ಪಡುತ್ತದೆ. ಕಿಟಕಿಯ ಹಲಗೆಗಳನ್ನು ಓರೆ ಮಾಡಿ ಬಿಸಿಲು ಎಷ್ಟು ಬೇಕೋ ಅಷ್ಟು ಒಳಗೆ ಬಿಟ್ಟ ಹಾಗೆ.

ಇಂಥ ಕಿಟಕಿಗಳು ಎಷ್ಟಿವೆ? ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳು. ಗುಣಿಸಿದರೆ 20,73,600. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಕಿಟಕಿಗಳು. ಒಟ್ಟು 62 ಲಕ್ಷಕ್ಕೂ ಮೀರಿದ ಕಿಟಕಿಗಳು ಸಾಮಾನ್ಯವಾಗಿ ಒಂದು ಸೆಕೆಂಡಿಗೆ ಅರುವತ್ತು ಸಲ ಹೊಸ ಅಪ್ಪಣೆ ಪಡೆಯುತ್ತವೆ. ಇಷ್ಟು ನಾಜೂಕಾದ ವಸ್ತುವಿನ ಮೇಲೆ ಇಯರ್‌ಫೋನ್ ಒತ್ತಿದಾಗ ಏನಾಗಬಹುದು ಎಂದು ಊಹಿಸಿಕೊಳ್ಳಿ.

ಇನ್ನೊಂದು ಮಾತು. ಒಡೆದ ಪರದೆಯನ್ನು ಬೆರಳಿನಿಂದ ಸವರಿದರೆ ಎಷ್ಟೋ ಸಲ ನುಣುಪಾಗಿಯೇ ಇರುತ್ತದೆ. “ಗಾಜು ಒಡೆದಿಲ್ಲವಲ್ಲ” ಎಂದು ಜನ ವಾದಿಸುವುದು ಅದರಿಂದಲೇ. ಬೆರಳಿಗೆ ಸಿಗುವುದು ಮೇಲಿನ ಪ್ಲಾಸ್ಟಿಕ್ ಹಾಳೆ. ಒಡೆದ ಗಾಜು ಅದರ ಒಳಗಿದೆ.

ಮೊದಲು ಜೀವ ಇದೆಯೇ ನೋಡಿ

ಚಾರ್ಜರ್ ಸಿಕ್ಕಿಸಿ, ಪವರ್ ಗುಂಡಿ ಒತ್ತಿ, ಒಂದು ನಿಮಿಷ ಕಾದು ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ಸಣ್ಣ ದೀಪ ಹೊತ್ತಿ ಆರಿದರೆ ಯಂತ್ರ ನಿಮ್ಮ ಮಾತು ಕೇಳುತ್ತಿದೆ ಎಂದೇ ಅರ್ಥ. ಫ್ಯಾನಿನ ಸದ್ದು, ಧ್ವನಿ ಹೆಚ್ಚುಕಡಿಮೆ ಮಾಡಿದಾಗ ಬರುವ ಟಿಣ್ ಸದ್ದು ಇವೂ ಅದೇ ಸಾಕ್ಷಿ.

ಜೀವ ಇದ್ದೂ ಪರದೆ ಪೂರ್ತಿ ಕಪ್ಪಾಗಿದ್ದರೆ ಕಾಸಿನ ಖರ್ಚಿಲ್ಲದ ಕೆಲವು ಕೆಲಸಗಳಿವೆ. ಸೂರ್ಯನ ಚಿಹ್ನೆಯ ಕೀಲಿಯಿಂದ ಬೆಳಕನ್ನು ಹೆಚ್ಚಿಸಿ. ಮಗು ಆಡುತ್ತಾ ಬೆಳಕನ್ನು ಪೂರ್ತಿ ಇಳಿಸಿದ್ದನ್ನೇ ಕೆಟ್ಟಿತೆಂದು ತಿಳಿದು ಬಸ್ಸು ಹತ್ತಿದವರಿದ್ದಾರೆ. ಬಳಿಕ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಕೀಲಿ ಒತ್ತಿ. ಚಿತ್ರ ರಚಿಸುವ ತಂತ್ರಾಂಶ ಹೊಸದಾಗಿ ಆರಂಭವಾಗುತ್ತದೆ, ಒಂದು ಸಣ್ಣ ಬೀಪ್ ಕೇಳಿಸಬಹುದು. ಆಗಲಿಲ್ಲವೇ? ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿಯಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗಿ, ಸಿಕ್ಕಿಕೊಂಡಿದ್ದ ಯಂತ್ರ ಮತ್ತೆ ನೆಟ್ಟಗಾಗುವುದುಂಟು.

ಅಯಸ್ಕಾಂತವನ್ನೂ ನೆನಪಿಡಿ. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಒಂದು ಪುಟ್ಟ ಅಯಸ್ಕಾಂತವೂ ಅದನ್ನು ಗುರುತಿಸುವ ಸಂವೇದಕವೂ ಇರುತ್ತವೆ. ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಚೀಲವನ್ನು ಕೀಲಿಮಣೆಯ ಪಕ್ಕ ಇಟ್ಟರೆ, ಅಥವಾ ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡಿದರೆ, ಮುಚ್ಚಳ ಮುಚ್ಚಿತೆಂದು ತಿಳಿದು ಯಂತ್ರ ಪರದೆಯನ್ನು ಆರಿಸಿಬಿಡಬಹುದು. ಸುತ್ತಲಿನ ವಸ್ತುಗಳನ್ನು ಸರಿಸಿ ನೋಡಿ.

ಟಿವಿಯೇ ಸಾಕ್ಷಿ

ಸುರಂಗದ ಬಾಯಿಗೆ ಇನ್ನೊಂದು ಪೈಪು ಇಟ್ಟು ನೋಡುವ ಪರೀಕ್ಷೆ ಇದು. ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಲ್ಲಿ ಇದೇ ಮೇಲು. ಲ್ಯಾಪ್‌ಟಾಪಿನ ಬದಿಯಲ್ಲಿ ಎಚ್‌ಡಿಎಂಐ ಎಂಬ ಕಿಂಡಿ ಇದೆಯೇ ನೋಡಿ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗುವ ಕೇಬಲ್ಲೇ ಇದಕ್ಕೂ ಆಗುತ್ತದೆ. ಅದನ್ನೇ ಬಿಡಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ರಿಮೋಟಿನಲ್ಲಿ ಆ ಎಚ್‌ಡಿಎಂಐ ಸಂಖ್ಯೆಯನ್ನು ಆರಿಸಿ. ಹಳೆಯ ಯಂತ್ರವಾದರೆ ಹದಿನೈದು ತೂತುಗಳ ವಿಜಿಎ ಕಿಂಡಿ ಇರಬಹುದು. ಅದಕ್ಕೆ ಹಳೆಯ ಮಾನಿಟರ್ ಅಥವಾ ಪ್ರಾಜೆಕ್ಟರ್ ಬೇಕು. ತೀರಾ ತೆಳುವಾದ ಹೊಸ ಯಂತ್ರಗಳಲ್ಲಿ ಯುಎಸ್‌ಬಿ-ಸಿ ಕಿಂಡಿ ಮಾತ್ರ ಇರುವುದುಂಟು. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳಿಂದಲೂ ಚಿತ್ರ ಹೊರಬರುವುದಿಲ್ಲ, ಆದ್ದರಿಂದ ಪರಿವರ್ತಕ ಕೊಳ್ಳುವ ಮೊದಲು ನಿಮ್ಮ ಮಾದರಿಯ ವಿವರ ನೋಡಿ.

ಕೇಬಲ್ ಸಿಕ್ಕಿಸಿದ ಕೂಡಲೇ ಚಿತ್ರ ಬರದಿದ್ದರೆ ನಿರಾಶರಾಗಬೇಡಿ. ಚಿತ್ರವನ್ನು ಒಳಗಿನ ಪರದೆಗೆ ಮಾತ್ರ ಕಳಿಸು ಎಂಬ ಆಜ್ಞೆ ಹಿಂದೆ ಯಾವಾಗಲೋ ಕೊಟ್ಟಿರಬಹುದು. ವಿಂಡೋಸ್ ಕೀಲಿಯನ್ನು ಹಿಡಿದು ಪಿ ಒತ್ತಿ, ಕೈಬಿಟ್ಟು, ಕೆಳಗಿನ ಬಾಣದ ಕೀಲಿಯನ್ನು ಒಮ್ಮೆ ಒತ್ತಿ, ಎಂಟರ್ ಒತ್ತಿ. ಹತ್ತು ಸೆಕೆಂಡು ಕಾಯಿರಿ. ಬರದಿದ್ದರೆ ಅದನ್ನೇ ಮತ್ತೆ ಮಾಡಿ. ಕಣ್ಣುಮುಚ್ಚಿ ಮಾಡುವ ಕೆಲಸವಾದ್ದರಿಂದ ಎರಡು ಮೂರು ಪ್ರಯತ್ನ ಬೇಕಾದೀತು. ಚಿತ್ರ ಬಂದರೂ ಅಂಚುಗಳು ಕತ್ತರಿಸಿದಂತಿದ್ದರೆ ಟಿವಿಯ ಚಿತ್ರಗಾತ್ರದ ಆಯ್ಕೆಯನ್ನು ಬದಲಿಸಿ.

ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿ ಬಂದರೆ ಸುರಂಗದಲ್ಲಿ ನೀರಿದೆ. ಕೆಟ್ಟದ್ದು ಹೆಚ್ಚಾಗಿ ಕೇಬಲ್ ಅಥವಾ ಪ್ಯಾನೆಲ್. “ಮದರ್‌ಬೋರ್ಡ್ ಹೋಗಿದೆ” ಎಂದು ಯಾರಾದರೂ ಹೇಳಿದರೆ ಈ ಪರೀಕ್ಷೆಯ ಫಲವನ್ನು ಅವರ ಮುಂದಿಡಿ. ಲ್ಯಾಪ್‌ಟಾಪಿನಲ್ಲಿ ಕಂಡ ಗೆರೆಗಳೇ ಟಿವಿಯಲ್ಲೂ ಕಂಡರೆ ದೋಷ ಗ್ರಾಫಿಕ್ಸ್ ಭಾಗದ್ದೋ ಅದರ ತಂತ್ರಾಂಶದ್ದೋ ಆಗಿರುತ್ತದೆ, ಪ್ಯಾನೆಲ್ ಬದಲಿಸಿ ಫಲವಿಲ್ಲ. ಫ್ಯಾನ್ ತಿರುಗುತ್ತದೆ, ಆದರೆ ಎರಡರಲ್ಲೂ ಏನೂ ಬರುವುದಿಲ್ಲ, ಕ್ಯಾಪ್ಸ್ ಲಾಕ್ ದೀಪ ತನ್ನಷ್ಟಕ್ಕೆ ಮಿನುಗುತ್ತದೆ ಅಥವಾ ಬೀಪ್ ಸದ್ದು ಬರುತ್ತದೆ ಎಂದಾದರೆ ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿನ ಪಟ್ಟಿ ಸರಿಯಾಗಿ ಕೂತಿಲ್ಲದಿರಬಹುದು. ಮಿನುಗು ಎಷ್ಟು ಸಲ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಎಚ್‌ಪಿ, ಡೆಲ್ ಮುಂತಾದ ಕಂಪನಿಗಳು ಆ ಎಣಿಕೆಯ ಅರ್ಥವನ್ನು ತಮ್ಮ ಕೈಪಿಡಿಗಳಲ್ಲಿ ಕೊಡುತ್ತವೆ.

ನೆರೆಮನೆಯ ಹುಡುಗಿಯ ಲ್ಯಾಪ್‌ಟಾಪನ್ನು ಅವರದೇ ಟಿವಿಗೆ ಜೋಡಿಸಿದೆವು. ಎರಡನೆಯ ಪ್ರಯತ್ನಕ್ಕೆ ಅವಳ ಫೋಟೋವಿದ್ದ ಮುಖಪುಟ ಟಿವಿಯ ತುಂಬಾ ಮೂಡಿತು. ರಾತ್ರಿ ಒಂಬತ್ತರೊಳಗೆ ಅರ್ಜಿ ಹೋಗಿತ್ತು, ಪ್ಯಾನೆಲ್ಲಿನ ಯೋಚನೆಯನ್ನು ಮಾರನೆಯ ವಾರಕ್ಕೆ ಇಟ್ಟುಕೊಂಡೆವು.

ಪರದೆಯ ಗುರುತುಗಳನ್ನು ಓದುವುದು

ಟಿವಿಯಲ್ಲಿ ಚಿತ್ರ ಸರಿಯಿದೆ ಎಂದಾದ ಮೇಲೆ ಉಳಿದ ಪ್ರಶ್ನೆ ದಂಬೆಯೋ ತೊಟ್ಟಿಯೋ ಎಂಬುದು. ಪರದೆಯನ್ನೇ ಗಮನವಿಟ್ಟು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಮಸಿ ಚೆಲ್ಲಿದಂಥ ಕಲೆ, ಜೇಡರ ಬಲೆಯಂಥ ಬಿರುಕು ಕಂಡರೆ ಅನುಮಾನವೇ ಬೇಡ, ಒಳಗಾಜು ಒಡೆದಿದೆ. ಗಾಜುಗಳ ನಡುವಿನ ಸಂದು ಕೆಟ್ಟು ದ್ರವ ತನ್ನ ಜಾಗ ಬಿಟ್ಟು ಹರಡಿದೆ. ದಿನ ಕಳೆದಂತೆ ಕಲೆ ದೊಡ್ಡದಾಗುತ್ತಾ ಹೋಗಬಹುದು. ಇದನ್ನು ಸರಿಪಡಿಸುವ ಅಂಟಾಗಲಿ ಔಷಧಿಯಾಗಲಿ ಇಲ್ಲ, ಪ್ಯಾನೆಲ್ ಬದಲಿಸಬೇಕು. ಎಂದಾದರೂ ದ್ರವ ಹೊರಗೆ ಸೋರಿ ಕೈಗೆ ತಾಗಿದರೆ ಸೋಪು ಹಾಕಿ ತೊಳೆದುಕೊಳ್ಳಿ, ಮಕ್ಕಳನ್ನು ದೂರವಿಡಿ. ಮುಟ್ಟಿದರೆ ಕೆಲಸ ಮಾಡುವ ಟಚ್ ಪರದೆಯಾದರೆ ಒಂದು ವ್ಯತ್ಯಾಸವಿದೆ: ಮೇಲಿನ ಗಾಜು ಮಾತ್ರ ಬಿರುಕು ಬಿಟ್ಟು ಒಳಗಿನ ಚಿತ್ರ ಸರಿಯಾಗಿಯೇ ಇರಬಹುದು.

ಮೇಲಿನಿಂದ ಕೆಳಗೆ ನೇರವಾಗಿ ಇಳಿಯುವ ಒಂದೆರಡು ಗೆರೆಗಳು, ಮುಚ್ಚಳ ಹೇಗೆ ಅಲುಗಿಸಿದರೂ ಕದಲದೆ ನಿಂತಿದ್ದರೆ, ಅವೂ ಪ್ಯಾನೆಲ್ಲಿನವೇ. ಚುಕ್ಕೆಗಳ ಪ್ರತಿ ಸಾಲಿಗೂ ಅಂಚಿನಿಂದ ಬರುವ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಯಿದೆ. ಅದರ ಬೆಸುಗೆ ಬಿಟ್ಟರೆ ಆ ಸಾಲು ಪೂರ್ತಿ ಕೆಡುತ್ತದೆ. ಅನುಮಾನವಿದ್ದರೆ ವಿಂಡೋಸ್ ಕೀಲಿಯ ಜೊತೆ ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿ ಪರದೆಯ ಚಿತ್ರ ತೆಗೆದು, ಅದನ್ನು ಮೊಬೈಲಿಗೆ ಕಳಿಸಿ ನೋಡಿ. ಆ ಚಿತ್ರದಲ್ಲಿ ಗೆರೆ ಇಲ್ಲವೆಂದರೆ ಗೆರೆ ಹುಟ್ಟಿದ್ದು ಪ್ಯಾನೆಲ್ಲಿನಲ್ಲಿ ಅಥವಾ ಕೇಬಲ್ಲಿನಲ್ಲಿ. ಡೆಲ್ ಕಂಪನಿಯ ಹಲವು ಲ್ಯಾಪ್‌ಟಾಪುಗಳಲ್ಲಿ ಡಿ ಕೀಲಿಯನ್ನು ಒತ್ತಿ ಹಿಡಿದು ಯಂತ್ರ ಆರಂಭಿಸಿದರೆ ಪರದೆ ತಾನೇ ಕೆಂಪು, ಹಸಿರು, ನೀಲಿ ಮೊದಲಾದ ಬಣ್ಣಗಳನ್ನು ತೋರಿಸುತ್ತದೆ. ಆ ಬಣ್ಣಗಳಲ್ಲೂ ಗೆರೆ ಇದ್ದರೆ ಪ್ಯಾನೆಲ್ಲಿನ ಮೇಲಿನ ಸಂಶಯ ಗಟ್ಟಿಯಾಗುತ್ತದೆ.

ಚಿತ್ರ ಬಂದು ಹೋಗುತ್ತದೆ, ಮಿನುಗುತ್ತದೆ, ಒಮ್ಮೊಮ್ಮೆ ಇಡೀ ಪರದೆ ಬಿಳಿಯಾಗುತ್ತದೆ ಎಂದಾದರೆ ದಂಬೆಯತ್ತ ತಿರುಗಿ. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದು ಕೋನದಲ್ಲಿ ಹೋದರೆ ಬಿಜಾಗರಿಯ ಬಳಿ ಕೇಬಲ್ ಸವೆದಿದೆ ಅಥವಾ ಸಡಿಲವಾಗಿದೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಜಾಗ ಅದು. ಒಂದೇ ಕೈಯಿಂದ ಮೂಲೆ ಹಿಡಿದು ಎತ್ತುವ ಅಭ್ಯಾಸದಿಂದ ಬಿಜಾಗರಿ ಬಿಗಿಯಾಗಿ, ಕೊನೆಗೆ ಪ್ಲಾಸ್ಟಿಕ್ಕನ್ನೇ ಕಿತ್ತುಕೊಂಡು ಕೇಬಲ್ಲನ್ನು ಹಿಸುಕುತ್ತದೆ. ಹಲವು ಮಾದರಿಗಳಲ್ಲಿ ಕ್ಯಾಮೆರಾದ ತಂತಿಗಳೂ ಅದೇ ಕೇಬಲ್ಲಿನಲ್ಲಿ ಬರುತ್ತವೆ. ಟಿವಿಗೆ ಜೋಡಿಸಿರುವಾಗ ಕ್ಯಾಮೆರಾ ತೆರೆದು ನೋಡಿ. ಅದೂ ಕೆಲಸ ಮಾಡದಿದ್ದರೆ ಕೇಬಲ್ಲಿನ ಮೇಲಿನ ಅನುಮಾನ ಇನ್ನಷ್ಟು ಬಲವಾಗುತ್ತದೆ. ಕೇಬಲ್ ಸಾಮಾನ್ಯವಾಗಿ ಪ್ಯಾನೆಲ್ಲಿಗಿಂತ ಎಷ್ಟೋ ಅಗ್ಗ. ಇಲ್ಲಿ ತಪ್ಪು ಅಂದಾಜು ಮಾಡಿದರೆ ಒಳ್ಳೆಯ ಪ್ಯಾನೆಲ್ ಕಿತ್ತು ಹೊಸದನ್ನು ಹಾಕಿದ ಮೇಲೂ ಮಿನುಗು ಹಾಗೆಯೇ ಉಳಿಯುತ್ತದೆ.

ಇನ್ನು ಪರದೆ ಪೂರ್ತಿ ಕತ್ತಲಾಗಿದ್ದಾಗ ಮಾಡುವ ಟಾರ್ಚ್ ಪರೀಕ್ಷೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿದು ನಿಧಾನವಾಗಿ ಆಚೀಚೆ ಆಡಿಸಿ. ಮಸುಕಾಗಿ ಅಕ್ಷರಗಳೋ ಚಿತ್ರಗಳೋ ಕಂಡರೆ ಚಿತ್ರ ಬಂದಿದೆ, ಹಿಂದಿನ ಬೆಳಕು ಹೋಗಿದೆ. ಎಲ್‌ಇಡಿ ಸಾಲು ಸುಟ್ಟಿರಬಹುದು, ಅದಕ್ಕೆ ವಿದ್ಯುತ್ತು ಒಯ್ಯುವ ತಂತಿ ತುಂಡಾಗಿರಬಹುದು, ಮದರ್‌ಬೋರ್ಡಿನಲ್ಲಿ ಆ ದಾರಿಯ ಪುಟ್ಟ ಫ್ಯೂಸ್ ಹೋಗಿರಬಹುದು. ಫ್ಯೂಸ್ ಆದರೆ ಬೋರ್ಡ್ ಕೆಲಸ ಬಲ್ಲವರು ಅದೊಂದನ್ನೇ ಬದಲಿಸಿ ಕೊಡುತ್ತಾರೆ. ಓಎಲ್‌ಇಡಿ ಪರದೆಗಳಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಹಿಂಬೆಳಕು ಎಂಬುದಿಲ್ಲ, ಅವಕ್ಕೆ ಈ ಪರೀಕ್ಷೆ ಹೊಂದದು.

ಮಳೆ, ಸಿಡಿಲು, ಅಟ್ಟ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಬಾಗಿಲ ಹಲಗೆ ಉಬ್ಬುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಲೋಹದ ಸಂಪರ್ಕಗಳೂ ಅದೇ ಗಾಳಿಯಲ್ಲಿವೆ. ವಾರಗಟ್ಟಲೆ ಚೀಲದೊಳಗೆ ಮುಚ್ಚಿಟ್ಟ ಯಂತ್ರಕ್ಕಿಂತ ದಿನಕ್ಕೆ ಒಂದು ಗಂಟೆ ಬಳಸಿದ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ನೀರು ಬಿದ್ದರೆ ಕೂಡಲೇ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಡಿಸಿ ಒಳಗೆ ಪೂರ್ತಿ ಒಣಗುವ ತನಕ ಮತ್ತೆ ಗುಂಡಿ ಒತ್ತಬೇಡಿ. ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಕೊಬ್ಬರಿಗೆ ಒಳ್ಳೆಯ ಜಾಗ ಅದು. ಲ್ಯಾಪ್‌ಟಾಪಿನ ಬೆಳಕು ಹರಡುವ ಹಾಳೆಗಳು ಆ ಶಾಖಕ್ಕೆ ಸುಕ್ಕಾಗಬಹುದು, ಹೊಗೆಯ ಮಸಿ ಫ್ಯಾನಿಗೆ ಅಂಟುತ್ತದೆ.

ಏಪ್ರಿಲ್, ಮೇ ತಿಂಗಳಲ್ಲೂ ಮತ್ತೆ ಅಕ್ಟೋಬರ್, ನವೆಂಬರ್‌ನಲ್ಲೂ ಸಂಜೆಯ ಗುಡುಗು ನಮಗೆ ಹೊಸತಲ್ಲ. ಚಾರ್ಜರನ್ನು ಗೋಡೆಯಿಂದಲೇ ಕಿತ್ತಿಡಿ. ಟಿವಿಗೆ ಜೋಡಿಸಿದ್ದರೆ ಎಚ್‌ಡಿಎಂಐ ಕೇಬಲ್ಲನ್ನೂ ಬಿಡಿಸಿ. ಟಿವಿಯ ಡಿಶ್ ತಂತಿಯಿಂದ ಇಳಿದ ಆಘಾತ ಆ ದಾರಿಯಲ್ಲೂ ಲ್ಯಾಪ್‌ಟಾಪಿಗೆ ದಾಟಬಲ್ಲದು.

ಕಡತಗಳು ಎಲ್ಲಿವೆ?

ಪರದೆಯಲ್ಲಂತೂ ಇಲ್ಲ. ಫೋಟೋ, ಅಂಕಪಟ್ಟಿ, ತೋಟದ ಲೆಕ್ಕ, ಎಲ್ಲವೂ ಕೀಲಿಮಣೆಯ ಅಡಿಯಲ್ಲಿರುವ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿವೆ. ಪರದೆ ನುಚ್ಚುನೂರಾದರೂ ಅವಕ್ಕೆ ಏನೂ ಆಗುವುದಿಲ್ಲ. ಟಿವಿಯಲ್ಲಿ ಚಿತ್ರ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮುಖ್ಯವಾದವನ್ನು ಪೆನ್ ಡ್ರೈವಿಗೆ ನಕಲು ಮಾಡುವುದು, ಅಂಗಡಿಗೆ ಹೋಗುವ ಯೋಚನೆ ಆಮೇಲೆ.

ಟಿವಿಯಲ್ಲೂ ಬಾರದಿದ್ದರೆ ಬಲ್ಲವರು ಆ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಆದರೆ ಕೆಲವು ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರುತ್ತದೆ. ಹೊಸ ಯಂತ್ರಗಳಲ್ಲಿ ಅದು ನಿಮಗೆ ಗೊತ್ತಿಲ್ಲದೆಯೇ ಹಾಕಿಕೊಂಡಿರಬಹುದು. ಆಗ 48 ಅಂಕಿಗಳ ಒಂದು ಸಂಖ್ಯೆ ಕೊಡದೆ ಡಿಸ್ಕ್ ತೆರೆಯುವುದಿಲ್ಲ. ಆ ಸಂಖ್ಯೆ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದ ಆ ಖಾತೆಗೆ ಹೋಗಿ ನೋಡಬಹುದು. ಖಾತೆಯ ಗುಪ್ತಪದ ಮರೆತವರ ಸಂಕಟವನ್ನು ಕಣ್ಣಾರೆ ಕಂಡಿದ್ದೇನೆ. ಯಂತ್ರ ಸರಿಯಿರುವಾಗಲೇ ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಪಡಿತರ ಚೀಟಿಯ ಜೊತೆ ಇಡಿ.

ಪ್ಯಾನೆಲ್ ಬದಲಿಸುವುದಾದರೆ

ಮೊದಲು ವಾರಂಟಿ ಕಾಗದ ಹುಡುಕಿ. ಬಿದ್ದು ಒಡೆದ, ಒತ್ತಿ ಒಡೆದ ಪರದೆಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಕೊಳ್ಳುವಾಗ ಆಕಸ್ಮಿಕ ಹಾನಿಯ ರಕ್ಷಣೆಗೆ ಬೇರೆಯೇ ಹಣ ಕೊಟ್ಟಿದ್ದರೆ ಸಿಗಬಹುದು. ಆದರೆ ತಾನಾಗಿಯೇ ಗೆರೆ ಬಂದ ಪರದೆ ವಾರಂಟಿಯೊಳಗಿದ್ದರೆ ನಿಮ್ಮ ಹಕ್ಕನ್ನು ಕೇಳಿ ಪಡೆಯಿರಿ. ಅಂಥ ಯಂತ್ರವನ್ನು ಹೊರಗೆ ಬಿಚ್ಚಿಸಲೇಬೇಡಿ.

ಪ್ಯಾನೆಲ್ಲಿನ ಬೆನ್ನಿಗೆ ಒಂದು ಚೀಟಿ ಅಂಟಿರುತ್ತದೆ, ಅದರಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಬಿ156, ಎನ್‌ಟಿ156, ಎಲ್‌ಪಿ156 ಎಂದು ಆರಂಭವಾದರೆ 156 ಎಂಬುದು 15.6 ಇಂಚು, ಅಂದರೆ ಮೂಲೆಯಿಂದ ಮೂಲೆಗೆ 39.6 ಸೆಂಟಿಮೀಟರ್. 140 ಎಂದಿದ್ದರೆ 14 ಇಂಚು. ಅಳತೆ ಒಂದೇ ಆದರೆ ಸಾಲದು. ಚುಕ್ಕೆಗಳ ಸಂಖ್ಯೆ, ಕೇಬಲ್ ಸೇರುವ ಕಿಂಡಿಯಲ್ಲಿ 30 ಪಿನ್ನುಗಳೋ 40 ಪಿನ್ನುಗಳೋ ಎಂಬುದು, ಆ ಕಿಂಡಿ ಇರುವ ಬದಿ, ಸ್ಕ್ರೂ ಹಾಕುವ ಕಿವಿಗಳು, ಇವೆಲ್ಲ ಹೊಂದಬೇಕು. ಲ್ಯಾಪ್‌ಟಾಪಿನ ಮಾದರಿ ಹೆಸರನ್ನು ಮಾತ್ರ ನಂಬಿ ತರಿಸಿದರೆ ಎಡವುವುದು ಇಲ್ಲೇ: ಒಂದೇ ಹೆಸರಿನ ಯಂತ್ರಗಳಿಗೆ ಕಂಪನಿ ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತದೆ. ಆ ಚೀಟಿಯ ಫೋಟೋ ತೆಗೆದುಕೊಳ್ಳಿ.

ಕೆಲಸ ಮಾಡುವವರು ಯಾರೇ ಆಗಲಿ, ಒಳಗಿನ ಬ್ಯಾಟರಿಯನ್ನು ಮದರ್‌ಬೋರ್ಡಿನಿಂದ ಬಿಡಿಸಿದ ಬಳಿಕವೇ ಪರದೆಯ ಕೇಬಲ್ಲಿಗೆ ಕೈಹಾಕಬೇಕು. ಬ್ಯಾಟರಿ ಸೇರಿರುವಾಗ ಕೇಬಲ್ ಓರೆಯಾಗಿ ತಾಗಿದರೆ ಹಿಂಬೆಳಕಿನ ಫ್ಯೂಸ್ ಸುಡುತ್ತದೆ, ಪ್ಯಾನೆಲ್ ಹೊಸದಾದರೂ ಕತ್ತಲೆ ಹಳೆಯದೇ ಉಳಿಯುತ್ತದೆ. ನೀವೇ ಬಿಚ್ಚಿ ಕಲಿಯಬೇಕೆಂದಿದ್ದರೆ ಬಳಕೆ ತಪ್ಪಿದ ಹಳೆಯ ಯಂತ್ರದಲ್ಲಿ ಕಲಿಯಿರಿ. ಸುಮಾರು 2010ಕ್ಕಿಂತ ಹಿಂದಿನ ಯಂತ್ರವಾದರೆ ಎಲ್‌ಇಡಿಯ ಬದಲು ಸಣ್ಣ ಟ್ಯೂಬ್‌ಲೈಟ್ ಇರಬಹುದು. ಅದರಲ್ಲಿ ಪಾದರಸವಿದೆ, ಅದಕ್ಕೆ ಹರಿಯುವ ವಿದ್ಯುತ್ತು ನೂರಾರು ವೋಲ್ಟಿನದು. ಅದನ್ನು ಬಿಚ್ಚಲೇಬೇಡಿ.

ಅಂಗಡಿಯಲ್ಲಿ ಪ್ಯಾನೆಲ್ಲಿನ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹಾಕುವುದು ಹೊಸ ಪ್ಯಾನೆಲ್ಲೋ ಬೇರೆ ಯಂತ್ರದಿಂದ ತೆಗೆದದ್ದೋ, ಎಷ್ಟು ತಿಂಗಳ ಖಾತರಿ ಎಂದು ಕೇಳಿ. ಹಳೆಯ ಪ್ಯಾನೆಲ್ಲನ್ನು ಮರಳಿ ಕೇಳಿ. ಕಾಸರಗೋಡು, ಕುಂಬಳೆ, ಉಪ್ಪಳದಲ್ಲೇ ಮಾಡಿಸಬಹುದಾದದ್ದನ್ನು ಐವತ್ತು ಕಿಲೋಮೀಟರ್ ಆಚೆಯ ಮಂಗಳೂರಿಗೆ ಹೊತ್ತುಕೊಂಡು ಹೋಗುವ ಮೊದಲು, ಹೊಸ ಪ್ಯಾನೆಲ್ಲಿನಲ್ಲಿ ದೋಷ ಕಂಡರೆ ಮತ್ತೆ ಎರಡು ಸಲ ಆ ದಾರಿ ಹಿಡಿಯಬೇಕಾದೀತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಭಾಷೆಯ ಅಳುಕು ಬೇಡ. ಪ್ಯಾನೆಲ್, ಕೇಬಲ್, ಬೋರ್ಡ್ ಎಂಬ ಮಾತುಗಳು ಕನ್ನಡಕ್ಕೂ ಮಲಯಾಳಕ್ಕೂ ಒಂದೇ. ನಮ್ಮ ಬಿಜಾಗರಿಯೂ ಅವರ ಬಾಯಲ್ಲಿ ವಿಜಾಗಿರಿಯಾಗಿಯೇ ಇದೆ.

ಮರಳಿ ಪಡೆಯುವಾಗ ಅಂಗಡಿಯಲ್ಲೇ ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ತೆರೆದು ಚುಕ್ಕೆ, ಕಲೆ, ಅಂಚಿನ ಬೆಳಕಿನ ಸೋರಿಕೆ ನೋಡಿ. ಮುಚ್ಚಳವನ್ನು ನಾಲ್ಕು ಸಲ ತೆರೆದು ಮುಚ್ಚಿ. ಕ್ಯಾಮೆರಾ ತೆರೆದು ನೋಡಿ.

ಯಂತ್ರ ಹಳೆಯದಾಗಿದ್ದು ಪ್ಯಾನೆಲ್ಲಿನ ಖರ್ಚು ಅದರ ಈಗಿನ ಬೆಲೆಯ ಅರ್ಧವನ್ನು ದಾಟುವುದಾದರೆ ನಾನು ಪ್ಯಾನೆಲ್ ಹಾಕಿಸುವುದಿಲ್ಲ. ಅದನ್ನು ಟಿವಿಗೋ ಹಳೆಯ ಮಾನಿಟರಿಗೋ ಜೋಡಿಸಿ ಮನೆಯ ಮೇಜಿನ ಕಂಪ್ಯೂಟರಾಗಿ ಇಟ್ಟುಕೊಳ್ಳುತ್ತೇನೆ. ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂದು ಪವರ್ ಸೆಟ್ಟಿಂಗಿನಲ್ಲಿ ಹೇಳಿದರೆ ಅದು ನಿದ್ರೆಗೆ ಜಾರುವುದಿಲ್ಲ.

ಶಾಲೆಯ ಲ್ಯಾಪ್‌ಟಾಪ್, ಹಳೆಯ ಪ್ಯಾನೆಲ್

ಕೇರಳದ ಶಾಲೆಗಳಿಗೆ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಮೂಲಕ ಬಂದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ವಿಂಡೋಸ್ ಇರುವುದಿಲ್ಲ, ಉಬುಂಟು ಆಧಾರಿತ ಮುಕ್ತ ತಂತ್ರಾಂಶ ಇರುತ್ತದೆ. ಟಿವಿ ಪರೀಕ್ಷೆ, ಟಾರ್ಚ್ ಪರೀಕ್ಷೆ, ಬಿಜಾಗರಿಯ ಪರೀಕ್ಷೆ ಅಲ್ಲಿಗೂ ಹೊಂದುತ್ತವೆ. ಆದರೆ ಅಧ್ಯಾಪಕರಾಗಲಿ ಮಕ್ಕಳಾಗಲಿ ಅದನ್ನು ಬಿಚ್ಚಬಾರದು. ಕಂಡ ಗುರುತುಗಳನ್ನು ಬರೆದು ಶಾಲೆಯ ಐಟಿ ಹೊಣೆ ಹೊತ್ತವರಿಗೆ ಕೊಟ್ಟರೆ ದೂರು ಸರಿಯಾದ ಕಡೆಗೆ ಹೋಗುತ್ತದೆ.

ತೆಗೆದಿಟ್ಟ ಒಡೆದ ಪ್ಯಾನೆಲ್ಲನ್ನು ತೆಂಗಿನ ಬುಡಕ್ಕೆ ಎಸೆಯಬೇಡಿ, ಒಲೆಗೂ ಹಾಕಬೇಡಿ. ಅದು ಇ-ತ್ಯಾಜ್ಯ. ಅದಕ್ಕಾಗಿಯೇ ಮಾಡಿದ ನಿಯಮಗಳು 2023ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಯಲ್ಲಿವೆ. ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು ಕಟ್ಟಿ, ತ್ಯಾಜ್ಯ ಒಯ್ಯಲು ಮನೆಗೆ ಬರುವ ಹರಿತ ಕರ್ಮ ಸೇನೆಯವರಲ್ಲಿ ಇ-ತ್ಯಾಜ್ಯ ಯಾವ ದಿನ ಒಯ್ಯುತ್ತಾರೆಂದು ಕೇಳಿ. ಕೊಡುವಾಗ ಒಳಗೆ ಒಡೆದ ಗಾಜಿದೆ ಎಂದು ತಿಳಿಸಿ, ಅವರು ಅದನ್ನು ಬರಿಗೈಯಲ್ಲಿ ವಿಂಗಡಿಸುವುದುಂಟು.